ಸವೆದ ವಾಹನ ದಾನಕ್ಕೆ ಯೋಗ್ಯವೆ?

ದಾನದ ವಿಷಯದಲ್ಲಿ ದೇಶ, ಕಾಲ, ಪಾತ್ರಗಳ ವಿಚಾರವು ಪ್ರವಚನಗಳಲ್ಲಿ ಆಗಾಗ ಬರುತ್ತಿರುತ್ತದೆ. ಕೊಡುವ ವಸ್ತು ಎಂಥದಿರಬೇಕೆಂಬ ವಿಚಾರ ಮಾತ್ರ ಹಿಂದೆ ಬಿದ್ದಂತೆ ನಮಗೆ ತೋರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಅನೇಕ ಮನೆಗಳಲ್ಲಿ, ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ದೇಶಗಳಿಗೆ ತೆರಳಿದ ಮಕ್ಕಳು ಬಿಟ್ಟುಹೋದ ಕಾರೋ ವ್ಯಾನೋ ಅಂಗಳದ ಚಪ್ಪರದ ಕೆಳಗೆ ನಿಂತಿರುವುದನ್ನು ವಾಚಕರು ಕಂಡಿರಬಹುದು. ಕಡಲಿನ ಉಪ್ಪುಗಾಳಿಗೆ ಕೆಲವೇ ಮಳೆಗಾಲಗಳಲ್ಲಿ ಅದರ ತಳ ತುಕ್ಕು ಹಿಡಿಯುತ್ತದೆ. ಆಗ ಮನೆಯವರಿಗೆ ಒಂದು ಸದ್ವಿಚಾರ ಹೊಳೆಯುತ್ತದೆ. ಇದನ್ನು ಯಾವುದಾದರೊಂದು ಧರ್ಮಸಂಸ್ಥೆಗೆ ಕೊಟ್ಟುಬಿಡೋಣ, ಪಾಠಶಾಲೆಗೋ ಅನಾಥಾಶ್ರಮಕ್ಕೋ ರೋಗಿಗಳನ್ನು ಸಾಗಿಸುವುದಕ್ಕೋ ಆದೀತು, ಎನ್ನುತ್ತಾರೆ. ವಿಚಾರವೇನೋ ಒಳ್ಳೆಯದೇ. ಅದು ತುಕ್ಕು ಹಿಡಿದ ಮೇಲೆಯೇ ಏಕೆ ಹೊಳೆಯುತ್ತದೆ ಎಂಬುದೇ ಪ್ರಕೃತ ನಮ್ಮ ಪ್ರಶ್ನೆ.

ಕಠೋಪನಿಷತ್ತು ಆರಂಭವಾಗುವುದೇ ಇಂತಹದೊಂದು ಸಂದರ್ಭದಿಂದ. ವಾಜಶ್ರವಸನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡುವ ಯಾಗವನ್ನು ಕೈಗೊಂಡನು. ಆದರೆ ದಕ್ಷಿಣೆಗೆಂದು ಹೊರಟ ಹಸುಗಳೋ ಮೇವು ನೀರುಗಳ ಕಾಲ ಮುಗಿದು, ಹಾಲು ಬತ್ತಿ, ನಿಃಶಕ್ತವಾಗಿದ್ದವು. ಬಾಲಕನಾದ ನಚಿಕೇತನಿಗೆ ಅದನ್ನು ಕಂಡು ವ್ಯಥೆಯಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲೆಕ್ಕದ ದೃಷ್ಟಿಯಿಂದ ತಂದೆಯು ತಪ್ಪಿರಲಿಲ್ಲ; ಹಸುಗಳು ಹಸುಗಳೇ, ಸಂಖ್ಯೆ ಸಂಖ್ಯೆಯೇ. ಕೊಟ್ಟವನಿಗೆ ಹೊರೆ ಇಳಿಯಿತು, ಪಡೆದವನಿಗೆ ಹೊರೆ ಏರಿತು ಎಂಬುದಷ್ಟೇ ಅಲ್ಲಿ ನಡೆದ ವ್ಯವಹಾರ. ತನ್ನನ್ನು ಯಾರಿಗೆ ಕೊಡುವಿರೆಂದು ಮಗನು ಮತ್ತೆ ಮತ್ತೆ ಕೇಳಿದುದು, ತಂದೆಗೆ ನಿಜವಾಗಿ ಪ್ರಿಯವಾದ ವಸ್ತು ಇನ್ನೂ ಮನೆಯಲ್ಲಿಯೇ ಉಳಿದಿದೆ ಎಂಬುದನ್ನು ತೋರಿಸುವುದಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ.

ಹಾಗಾದರೆ ಬಳಸಿದ ವಸ್ತುವನ್ನು ಕೊಡಲೇಬಾರದೆ? ಹಾಗೆ ಹೇಳುವುದು ಸರಿಯಲ್ಲ. ಬಳಕೆಯಿಂದ ವಸ್ತು ಅನರ್ಹವಾಗುವುದಿಲ್ಲ. ಕರು ಹಾಕಿದ ಹಸುವೂ ಒಂದರ್ಥದಲ್ಲಿ ಬಳಸಿದ ಹಸುವೇ! ಯಾಜ್ಞವಲ್ಕ್ಯ ಸ್ಮೃತಿಯು ಗೋದಾನವನ್ನು ಹೇಳುವಾಗ ಹಸುವು ಹಾಲು ಕೊಡುವಂಥದೂ ಸಾಧುವೂ ಆಗಿರಬೇಕು, ಜೊತೆಗೆ ವಸ್ತ್ರ, ಕಂಚಿನ ಪಾತ್ರೆ, ದಕ್ಷಿಣೆಗಳೂ ಇರಬೇಕು ಎನ್ನುತ್ತದೆ. ಪಾತ್ರೆ ಏಕೆ? ಹಸುವನ್ನು ಪಡೆದವನು ಹಾಲು ಕರೆಯಲು ಪಾತ್ರೆಗಾಗಿ ನೆರೆಮನೆಗೆ ಹೋಗಬಾರದು ಎಂಬುದು ನಮ್ಮ ಊಹೆ. ವಾಹನಕ್ಕೆ ಇದನ್ನು ಅನ್ವಯಿಸೋಣ. ಟಯರು ಸವೆದು, ಬ್ಯಾಟರಿ ಸತ್ತು, ವಿಮೆ ತೀರಿದ ವ್ಯಾನನ್ನು ಹೂಮಾಲೆ ಹಾಕಿ ಒಪ್ಪಿಸಿದರೆ ಅದು ಪಾತ್ರೆಯಿಲ್ಲದ, ಹಾಲೂ ಇಲ್ಲದ ಹಸು. ನಾಲ್ಕು ಹೊಸ ಟಯರು, ಒಂದು ವರ್ಷದ ವಿಮೆ, ಚಾಲಕನ ಕೆಲವು ತಿಂಗಳ ಸಂಬಳ ಇವನ್ನು ಸೇರಿಸಿ ಕೊಟ್ಟರೆ ಹತ್ತು ವರ್ಷದ ಹಳೆಯ ವ್ಯಾನೂ ಸದಕ್ಷಿಣವಾದ ದಾನವೇ ಆಗುತ್ತದೆ.

ಇನ್ನೊಂದು ಸಂಗತಿ. ತನ್ನ ಸ್ವತ್ವವನ್ನು ಬಿಟ್ಟು ಮತ್ತೊಬ್ಬರ ಸ್ವತ್ವವನ್ನು ಉಂಟುಮಾಡುವುದೇ ದಾನ ಎಂದು ಧರ್ಮಶಾಸ್ತ್ರಕಾರರು ಹೇಳುತ್ತಾರೆ. ಅದಕ್ಕಾಗಿಯೇ ಧಾರೆ ಎರೆಯುವುದು. ವಾಹನದ ವಿಷಯದಲ್ಲಿ ಈ ಧಾರೆ ನಡೆಯಬೇಕಾದುದು ಸಾರಿಗೆ ಕಚೇರಿಯ ಕಾಗದದಲ್ಲಿ. ಕೆಎ 47ರ ವಾಹನಗಳಿಗೆ ಅದು ಹೊನ್ನಾವರದ ಕಚೇರಿ. 1988ರ ಮೋಟಾರು ವಾಹನ ಕಾಯಿದೆಯಂತೆ ರಾಜ್ಯದೊಳಗಿನ ವರ್ಗಾವಣೆಯನ್ನು ಕೊಟ್ಟವರು 14 ದಿನಗಳೊಳಗೆ, ಪಡೆದವರು 30 ದಿನಗಳೊಳಗೆ ತಿಳಿಸಬೇಕು. ಕೀಲಿಕೈ ಕೊಟ್ಟು ಕಾಗದವನ್ನು ಮರೆತವರು ಲೋಕದ ಕಣ್ಣಿಗೆ ದಾನಿಗಳಾದರೂ ಕಾನೂನಿನ ಕಣ್ಣಿಗೆ ಒಡೆಯರಾಗಿಯೇ ಉಳಿಯುತ್ತಾರೆ. ನೋಂದಣಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಶಾಸ್ತ್ರವೂ ಕಾನೂನೂ ಇಷ್ಟು ಹತ್ತಿರ ಬರುವುದು ಅಪರೂಪವೇ ಸರಿ.

ರೋಗಿಗಳನ್ನು ಸಾಗಿಸಲು ಆದೀತು ಎಂಬ ಮಾತನ್ನಂತೂ ಹಗುರಾಗಿ ಆಡಬಾರದು. ನಮ್ಮ ಭಾಗದ ಗಂಭೀರ ರೋಗಿಗಳು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಕುಮಟಾದಿಂದ ಮಣಿಪಾಲಕ್ಕೆ ಸುಮಾರು 150 ಕಿ.ಮೀ.; ಭಟ್ಕಳದವರಿಗೂ ಸುಮಾರು 90. 2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಕುಂದಾಪುರದತ್ತ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್‌ಗೇಟಿನ ಬಳಿ ಒದ್ದೆ ರಸ್ತೆಯಲ್ಲಿ ಜಾರಿ ನಾಲ್ವರು ಮೃತರಾದುದನ್ನು ಯಾರೂ ಮರೆತಿಲ್ಲ. ಆ ವಾಹನದ ಮೇಲೆ ದೋಷ ಹೊರಿಸುವುದು ನಮ್ಮ ಉದ್ದೇಶವಲ್ಲ. ಈ ದಾರಿಯ ಮಳೆ ಎಂಥದೆಂಬುದನ್ನಷ್ಟೇ ನೆನಪಿಸುತ್ತಿದ್ದೇವೆ. ಆಂಬುಲೆನ್ಸಿನ ರಚನೆಗೆ ಸರ್ಕಾರ ಗೊತ್ತುಪಡಿಸಿದ ಮಾನದಂಡಗಳಿವೆ. ಮನೆಯ ವ್ಯಾನಿನ ಆಸನ ಕಿತ್ತು ಮಂಚವಿಟ್ಟು ಕೆಂಪು ಅಕ್ಷರ ಬರೆಸಿದರೆ ಅದು ಆಂಬುಲೆನ್ಸ್ ಆಗುವುದಿಲ್ಲ.

ವಾಹನ ದಾನವು ಅಮೆರಿಕದಲ್ಲಿ ದೊಡ್ಡ ರೂಢಿಯಾಗಿದೆ. ಅಡುಗೆ, ಹಾಸಿಗೆ, ಸ್ನಾನಗಳಿಗೆಲ್ಲ ಒಳಗೇ ಅನುಕೂಲವಿರುವ, ಚಕ್ರದ ಮೇಲಿನ ಮನೆಯಂತಿರುವ ಮೋಟಾರ್ ಹೋಮನ್ನು ಕೂಡ ಅಲ್ಲಿ ಧರ್ಮಸಂಸ್ಥೆಗಳಿಗೆ ಕೊಡುತ್ತಾರೆ. ಸಂಸ್ಥೆಯು ಸಾಮಾನ್ಯವಾಗಿ ಅದನ್ನು ಹರಾಜು ಹಾಕಿ ಹಣ ಮಾಡಿಕೊಳ್ಳುತ್ತದೆ. ಮೊದಲು ಮಾರುಕಟ್ಟೆಯ ಬೆಲೆಯೆಂದು ದಾನಿಯು ಹೇಳಿದ ಮೊತ್ತಕ್ಕೆ ತೆರಿಗೆ ವಿನಾಯಿತಿ ಕೇಳಬಹುದಾಗಿತ್ತು. ಹಲವರು ಬೆಲೆಯನ್ನು ಉಬ್ಬಿಸಿಯೇ ಹೇಳಿದರು. 2004ರ ಕಾನೂನು ಇದಕ್ಕೆ ಕಡಿವಾಣ ಹಾಕಿತು. 2005ರಿಂದ, 500 ಡಾಲರಿಗೆ ಮೀರಿದ ವಾಹನವನ್ನು ಸಂಸ್ಥೆಯು ತಾನು ಬಳಸದೆ ಹಾಗೆಯೇ ಮಾರಿದರೆ, ಮಾರಾಟದಿಂದ ಬಂದ ಹಣದಷ್ಟಕ್ಕೇ ಸಾಮಾನ್ಯವಾಗಿ ವಿನಾಯಿತಿ. ನಮ್ಮ ದೇಶದಲ್ಲಿ ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯ ಈ ವಿನಾಯಿತಿಯೇ ಇಲ್ಲ. ಹಣವಾಗಿ ಕೊಟ್ಟದ್ದಕ್ಕೆ ಮಾತ್ರ. ಆದ್ದರಿಂದ ನಮ್ಮವರಲ್ಲಿ ಆ ಲೋಭಕ್ಕೆ ಅವಕಾಶ ಕಡಮೆ. ಹೆಸರಿನ ಲೋಭದ ಮಾತು ಬೇರೆ.

ಪಡೆಯುವವರ ಸಂಕೋಚವನ್ನೂ ಹೇಳಬೇಕು. ನಮ್ಮ ತೀರ್ಥರೂಪರು ಅರ್ಚಕರಾಗಿದ್ದ ದೇವಾಲಯದ ಉಗ್ರಾಣದಲ್ಲಿ ನಿಂತುಹೋದ ಗೋಡೆ ಗಡಿಯಾರಗಳು ಐದಾರು ಇದ್ದವು. ಪ್ರತಿಯೊಂದರ ಗಾಜಿನ ಮೇಲೂ ದಾನಿಯ ಹೆಸರು. ಎಸೆಯುವಂತಿಲ್ಲ, ಮಾರುವಂತಿಲ್ಲ, ದಾನಿಗಳ ಮನೆಯವರು ಉತ್ಸವಕ್ಕೆ ಬಂದಾಗ ಕೇಳಿಯಾರು! ಗಡಿಯಾರವಾದರೆ ಮೂಲೆಯಲ್ಲಿ ಇದ್ದೀತು. ವ್ಯಾನು ನಿಲ್ಲಲು ಜಾಗ ಬೇಕು, ಓಡದಿದ್ದರೂ ಅದರ ಲೆಕ್ಕವಿಡಬೇಕು. ಬಡಸಂಸ್ಥೆಯವರು ಬೇಡವೆನ್ನಲು ಅಂಜುತ್ತಾರೆ. ಇಂದು ವ್ಯಾನನ್ನು ನಿರಾಕರಿಸಿದರೆ ನಾಳೆ ಅಕ್ಕಿಯೂ ಬಾರದೆಂಬ ಭಯ. ಮೊದಲೇ ಹೋಗಿ, ನಿಮಗೆ ಇದು ಬೇಕೆ, ಬೇಡವಾದರೆ ನಮಗೆ ಬೇಸರವಿಲ್ಲ ಎಂದು ಕೇಳುವ ಹೊಣೆ ಕೊಡುವವರದೇ.

ಬೇಡವೆಂದರೆ ದಾರಿಗಳು ಇಲ್ಲದಿಲ್ಲ. ಓಡುವ ವಾಹನವನ್ನು ಮಾರಿ ಹಣವನ್ನು ಕೊಡಬಹುದು. ಓಡದುದನ್ನು 2021ರ ನಿಯಮಗಳಂತೆ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದು, ಬಂದಷ್ಟನ್ನು ಪಾಠಶಾಲೆಯ ಮಕ್ಕಳ ಊಟಕ್ಕೆ ಕೊಡಬಹುದು. ವಾಹನವೇ ಬೇಕೆಂದು ಸಂಸ್ಥೆಯವರು ಹೇಳಿದಲ್ಲಿ, ಅವರ ಚಾಲಕನನ್ನೂ ನಂಬಿಕೆಯ ಮೆಕ್ಯಾನಿಕನನ್ನೂ ಕರೆದು ತೋರಿಸಿ, ಅವರು ಹೇಳಿದ ದುರಸ್ತಿಯನ್ನು ತಮ್ಮ ಖರ್ಚಿನಲ್ಲಿಯೇ ಮಾಡಿಸಿ, ನೋಂದಣಿ ಪತ್ರದಲ್ಲಿ ಸಂಸ್ಥೆಯ ಹೆಸರು ಬಂದ ಮೇಲೆ ಕೀಲಿಕೈಯನ್ನು ಕೊಡುವುದು.