ಮರುಳಶಂಕರನೆಂಬ ನಾಮಧೇಯ

ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವುದು ವೀರಶೈವ ಗೃಹಸ್ಥರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಆದರೆ ಅಜ್ಜನ ಹೆಸರು ಮರುಳಶಂಕರ ಎಂದಿದ್ದರೆ ಈಗಿನ ತಂದೆತಾಯಿಗಳು ಹಿಂದೆಗೆಯುವರು. ಶಾಲೆಯಲ್ಲಿ ಜೊತೆಯ ಹುಡುಗರು 'ಮರುಳ, ಮರುಳ' ಎಂದು ಕೂಗಿ ಹಾಸ್ಯಮಾಡಿಯಾರೆಂಬ ಅಂಜಿಕೆ. ಆದುದರಿಂದ ಮೊದಲಿನ ಪದವನ್ನು ಕಳೆದು ಬರಿಯ ಶಂಕರನೆಂದು ಬರೆಯಿಸುವವರುಂಟು. ಅಜ್ಜನ ಹೆಸರೂ ಉಳಿಯಿತು, ಲೋಕದ ನಗೆಯೂ ತಪ್ಪಿತು ಎಂದು ಅವರ ಎಣಿಕೆ. ಕಳೆದುದು ಯಾವುದು, ಉಳಿದುದು ಯಾವುದು ಎಂದು ವಿಚಾರಿಸಬೇಡವೆ?

'ಮರುಳ್' ಎಂಬುದು ಅಚ್ಚಗನ್ನಡದ ಮಾತು. ತಮಿಳಿನಲ್ಲಿಯೂ ಇದೇ ರೂಪದಲ್ಲಿರುವುದು. ಭ್ರಮೆ, ಮೋಹ, ಹುಚ್ಚು ಎಂದರ್ಥ. ರನ್ನನ ಗದಾಯುದ್ಧದ ರಣಭೂಮಿಯಲ್ಲಿ ಸುಳಿಯುವ ಪಿಶಾಚಗಳಿಗೂ ಮರುಳೆಂದೇ ಹೆಸರು. 'ಶಂಕರ'ವಾದರೋ ಸಂಸ್ಕೃತ, 'ಶಂ' ಎಂದರೆ ಸುಖ, ಅದನ್ನುಂಟುಮಾಡುವವನು ಶಂಕರ. ಕನ್ನಡದ ಮಾತಿಗೆ ಸಂಸ್ಕೃತದ ಮಾತು ಕೂಡಿದರೆ ಅರಿಸಮಾಸ. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅದನ್ನು ದೋಷವೆಂದೆಣಿಸಿಯೂ ಬಿರುದುಗಳಲ್ಲಿ ಒಪ್ಪಿರುವನು. ವೈಯಾಕರಣನ ಈ ವಿನಾಯಿತಿಯು ಇಲ್ಲಿ ಚೆನ್ನಾಗಿ ಹೊಂದುವುದು. ಮರುಳಶಂಕರ ಎಂಬುದನ್ನು ಬಿರುದೆಂದೇ ತಿಳಿಯಬೇಕು.

ಆ ಬಿರುದನ್ನು ಹೊತ್ತವರ ವೃತ್ತಾಂತವು ಶೂನ್ಯಸಂಪಾದನೆಯಲ್ಲಿರುವುದು. ದೂರದೇಶದಿಂದ ಕಲ್ಯಾಣಕ್ಕೆ ಬಂದ ಆ ಶರಣರು ಬಸವಣ್ಣನವರ ಮಹಾಮನೆಯಲ್ಲಿ, ಶರಣರ ಪ್ರಸಾದಶೇಷವು ಬಂದು ಸೇರುವ ಪ್ರಸಾದಕುಂಡದ ಬಳಿ, ಹನ್ನೆರಡು ವರ್ಷ ಇದ್ದರು. ಅವರು ಯಾರನ್ನೂ ಏನನ್ನೂ ಬೇಡಲಿಲ್ಲ, ತಾವು ಇಂಥವರೆಂದು ಹೇಳಿಕೊಳ್ಳಲಿಲ್ಲ. ಪ್ರಸಾದವೇ ಅವರಿಗೆ ಆಹಾರ, ಪ್ರಸಾದವೇ ಅನುಷ್ಠಾನ. ಕಂಡವರು ಮರುಳನೆಂದು ಬಗೆದು ಮುಂದೆ ಸಾಗಿದರು. ದಿನವೂ ಸಾವಿರಾರು ಜಂಗಮರು ನಡೆದಾಡುವ ಮನೆಯದು. ಕಣ್ಣಿದ್ದವರಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೂ ಅವರನ್ನು ಗುರುತಿಸಿದವರು ಅಲ್ಲಮಪ್ರಭುದೇವರು. ತಮ್ಮ ಮನೆಯಲ್ಲಿಯೇ ಇದ್ದ ಮಹಾಶರಣರನ್ನು ತಾವು ಅರಿಯದೆ ಹೋದೆವೆಂದು ಬಸವಣ್ಣನವರು ಪರಿತಪಿಸಿದರು.

ಹಾಗಾದರೆ ಮರುಳು ಯಾರದು? ಪ್ರಸಾದದಲ್ಲಿ ಮೈಮರೆತವರದೋ, ಅವರನ್ನು ಕಂಡೂ ಕಾಣದವರದೋ? 'ಜನ ಮರುಳೋ ಜಾತ್ರೆ ಮರುಳೋ' ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ನೋಡುವವರ ಭ್ರಮೆಯು ಆ ಶರಣರಿಗೆ ಹೆಸರಾಗಿ ಅಂಟಿತು. ಅವರದನ್ನು ಕಿತ್ತೊಗೆಯದೆ ಮರೆಯಾಗಿ ಹೊದ್ದುಕೊಂಡರು. ಹೊನ್ನು ಹೆಣ್ಣು ಮಣ್ಣುಗಳಿಗೆ ಮರುಳಾದವನನ್ನು ಲೋಕವು ಜಾಣನೆನ್ನುವುದು. ಲಿಂಗಕ್ಕೆ ಮರುಳಾದವನನ್ನು ಮಾತ್ರ ಹುಚ್ಚನೆನ್ನುವುದು. ಮಾತು ಒಂದೇ, ಮುಖ ಬೇರೆ.

ಈ ಬೈಗುಳವು ಶಿವನಿಗೂ ಹೊಸದಲ್ಲ. ಮಸಣದಲ್ಲಿ ಬೂದಿ ಬಳಿದು ಹುಚ್ಚನಂತೆ ತಿರುಗುವವನೆಂದು ದಕ್ಷನು ಜರೆದನು. ಅರುವತ್ತುಮೂವರು ಪುರಾತನರಲ್ಲಿ ಒಬ್ಬರಾದ ಸುಂದರಮೂರ್ತಿಗಳು, ಕನ್ನಡದಲ್ಲಿ ಹರಿಹರನು ರಗಳೆ ಬರೆದ ನಂಬಿಯಣ್ಣನವರು, ತಮ್ಮ ಮದುವೆಯ ದಿನ ವೃದ್ಧವಿಪ್ರನ ವೇಷದಲ್ಲಿ ಬಂದು 'ನೀನು ನನ್ನ ಆಳು' ಎಂದ ಶಿವನನ್ನು ಹುಚ್ಚನೆಂದು ಬೈದರು. ತನ್ನನ್ನು ತೋರಿಸಿಕೊಂಡ ಮೇಲೆ, ಬೈದ ಆ ಮಾತಿನಿಂದಲೇ ತನ್ನನ್ನು ಹಾಡೆಂದು ಶಿವನು ಅಪ್ಪಣೆಮಾಡಿದನೆಂದು ತಮಿಳುನಾಡಿನ ಶೈವರು ಹೇಳುವರು. ಶಿವನಿಗೇ ಇಷ್ಟವಾದ ಮಾತನ್ನು ಭಕ್ತನ ಮಗನು ನಾಚಿ ಬಿಡಬೇಕೆ?

ಪಂಚಾಚಾರ್ಯರಲ್ಲಿ ಮರುಳಾರಾಧ್ಯರ ಹೆಸರೂ, ಸಿರಿಗೆರೆಯ ತರಳಬಾಳು ಪರಂಪರೆಯ ಮೂಲಪುರುಷರಾದ ಮರುಳಸಿದ್ಧರ ಹೆಸರೂ ಇದೇ ಮಾತಿನಿಂದ ಮೊದಲಾಗುವುವು. ಮರುಳಸಿದ್ಧಪ್ಪ, ಮರುಳಯ್ಯ ಎಂಬ ಹೆಸರುಗಳು ಕೇಳಿಬರುವುದುಂಟು. ಮರುಳಶಂಕರ ಎಂಬುದು ಮಾತ್ರ ಅಪರೂಪವಾಗಿದೆ. ಇಟ್ಟ ಮನೆಯವರು ಅದನ್ನು ಅರೆಮಾಡದಿರಲಿ. ಹುಡುಗನು ಶಾಲೆಯಿಂದ ಮುಖ ಬಾಡಿಸಿಕೊಂಡು ಬಂದ ದಿನ, ಹನ್ನೆರಡು ವರ್ಷ ಯಾರೂ ತಿರುಗಿ ನೋಡದ ಪ್ರಸಾದಕುಂಡದ ಬಳಿ ಪ್ರಭುದೇವರು ನಿಂತು ನೋಡಿದ ಕಥೆಯನ್ನು ತಾಯಿಯು ಹೇಳಲಿ. ಅವನು ಎಷ್ಟು ಸಲ ಕೇಳಿದರೂ ಹೇಳಲಿ.