ಸಂಶಯವೂ ತೀರ್ಪೂ

ತೊಂದರೆಯೊಂದು ಎದುರಾದಾಗ ಅದರ ಕಾರಣವನ್ನು ಅರಿಯುವುದಕ್ಕಿಂತ ಮೊದಲೇ ಅದಕ್ಕೊಬ್ಬ ಅಪರಾಧಿಯನ್ನು ಹುಡುಕಿ ನಿಲ್ಲಿಸುವ ಆತುರ ಮನುಷ್ಯನಿಗೆ ಸಹಜವಾದುದು. ಈ ಆತುರವು ಎಲ್ಲಿಯವರೆಗೆ ನ್ಯಾಯ, ಎಲ್ಲಿಂದಾಚೆಗೆ ಅನ್ಯಾಯ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ನಾನು ಆರಿಸಿಕೊಂಡಿರುವ ಉದಾಹರಣೆ ಕೆಲವರಿಗೆ ವಿಚಿತ್ರವೆನಿಸಬಹುದು. ಅದು, ಮನೆಯ ಹುಡುಗನೊಬ್ಬ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು ತಾನೇ ಜೋಡಿಸಿದ, ಆಟವಾಡುವ ಕಂಪ್ಯೂಟರು.

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬರುವ ದಾರಿಯಲ್ಲಿ, ಅಡಿಕೆ ತೋಟದ ಅಂಚಿನಲ್ಲಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಪದವಿ ಓದುತ್ತಿರುವ ಮಗ ಎರಡು ವರ್ಷ ಹಣ ಕೂಡಿಟ್ಟು ಪ್ರೊಸೆಸರು, ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡುಗಳನ್ನು ಹೊಂದಿಸಿಕೊಂಡಿದ್ದಾನೆ. ಪವರ್ ಸಪ್ಲೈಯನ್ನು ಮಾತ್ರ ಪೇಟೆಯ ಪುಟ್ಟ ಅಂಗಡಿಯೊಂದರಲ್ಲಿ ಕೊಂಡಿದ್ದಾನೆ. ಬೇಸಿಗೆಯ ಕೊನೆಯಲ್ಲಿ ಜೋಡಿಸಿದ ಯಂತ್ರ ಕೆಲವು ದಿನ ಚೆನ್ನಾಗಿಯೇ ನಡೆಯಿತು. ಜೂನ್ ತಿಂಗಳ ಮಳೆ ಹಿಡಿದ ಮೇಲೆ, ಸಂಜೆಯ ಹೊತ್ತು, ಆಟದ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಗತೊಡಗಿತು. ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ. ಅಜ್ಜಿಯ ಪ್ರಕಾರ ಇದು ಸಿಡಿಲಿನ ಕೆಲಸ. ತಾಯಿಗೆ ಇರುವೆಗಳ ಮೇಲೆ ಅನುಮಾನ; ಮಲೆನಾಡಿನ ಸ್ವಿಚ್ಚು ಪೆಟ್ಟಿಗೆಗಳನ್ನು ಬಲ್ಲವರು ಈ ಅನುಮಾನವನ್ನು ನಗೆಯಾಡಲಾರರು. ಮಗನ ಆಟದ ಹುಚ್ಚೇ ಕಾರಣವೆಂದು ತಂದೆ ಗದರಿದರು. ಗದರಿಸಿಕೊಂಡ ಮಗ, ಅಂಗಡಿಯವನು ಹಳೆಯ ಪವರ್ ಸಪ್ಲೈಯನ್ನು ಹೊಸದೆಂದು ಕೊಟ್ಟಿರಬೇಕೆಂದ. ಈ ಕೊನೆಯ ಊಹೆ ಎಲ್ಲರಿಗೂ ಒಪ್ಪಿಗೆಯಾಯಿತು, ಏಕೆಂದರೆ ಅದು ಮನೆಯವರಾರನ್ನೂ ದೂರುವುದಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ತಂದೆ ನಾಲ್ವರಿಗೆ ಹೇಳಿದರು: "ಆ ಅಂಗಡಿಗೆ ಮಾತ್ರ ಹೋಗಬೇಡಿ."

ಇಷ್ಟರಲ್ಲಿ ಯಂತ್ರವೇ ಬರೆದಿಟ್ಟ ಸಾಕ್ಷ್ಯವನ್ನು ಯಾರೂ ಓದಿರಲಿಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ನಡೆದ ಘಟನೆಗಳೆಲ್ಲ ದಾಖಲಾಗುವ ಒಂದು ದಿನಚರಿ ಇರುತ್ತದೆ. ಹೀಗೆ ಹಠಾತ್ತನೆ ಆರಿ ಮತ್ತೆ ಎದ್ದಾಗ ಅದರಲ್ಲಿ 'ಕರ್ನಲ್ ಪವರ್' ಎಂಬ ಹೆಸರಿನಡಿ 41 ಎಂಬ ಸಂಖ್ಯೆ ಕಾಣಿಸುತ್ತದೆ. ಇದನ್ನು ಕಂಡ ಕೂಡಲೇ ಪವರ್ ಸಪ್ಲೈ ಕೆಟ್ಟಿದೆಯೆಂದು ತೀರ್ಮಾನಿಸುವವರು ಬಹಳ. ಆದರೆ ಆ ದಾಖಲೆಯ ಅರ್ಥ ಇಷ್ಟೇ: ಹಿಂದಿನ ಸಲ ಯಂತ್ರವು ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ಮರಳಿ ಆರಂಭವಾಗಿದೆ. ಏಕೆಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ತನಗೆ ತಿಳಿದಷ್ಟನ್ನೇ ಹೇಳಿ ಸುಮ್ಮನಾಗುವ ಈ ಸಾಕ್ಷಿಯ ಬಾಯಿಗೆ ಉಳಿದ ಮಾತನ್ನು ತುರುಕುವವರು ನಾವು.

ಯಂತ್ರ ಆರಿಹೋಗಲು ಕಾರಣಗಳು ಒಂದೆರಡಲ್ಲ. ಪ್ರೊಸೆಸರು ಮಿತಿಮೀರಿ ಬಿಸಿಯಾದರೆ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಸುಟ್ಟುಹೋಗುವುದರಿಂದ ಪಾರಾಗಲು ಯಂತ್ರವನ್ನೇ ಆರಿಸುತ್ತದೆ. ಫ್ಯಾನಿನಲ್ಲಿ ಧೂಳು ಕಟ್ಟಿರುವುದು, ಪ್ರೊಸೆಸರಿಗೂ ಅದರ ತಂಪುಗಾರಕಕ್ಕೂ ನಡುವೆ ಹಚ್ಚುವ ಲೇಪ ಒಣಗಿರುವುದು ಇದಕ್ಕೆ ಹಿನ್ನೆಲೆ. ಪವರ್ ಸಪ್ಲೈಯೂ ಹಾಗೆಯೇ: ಗ್ರಾಫಿಕ್ಸ್ ಕಾರ್ಡು ಕ್ಷಣಮಾತ್ರ ಅತಿಯಾದ ವಿದ್ಯುತ್ತನ್ನು ಎಳೆದರೆ, ಉಳಿದ ಭಾಗಗಳನ್ನು ಕಾಪಾಡಲು ಅದು ಸರಬರಾಜನ್ನು ಕಡಿದುಬಿಡುತ್ತದೆ. ಅಂದರೆ ಆರಿಹೋಗುವುದು ಎಷ್ಟೋ ಸಲ ಕೆಟ್ಟುಹೋದುದರ ಲಕ್ಷಣವಲ್ಲ, ಕಾವಲು ಎಚ್ಚರವಾಗಿರುವುದರ ಲಕ್ಷಣ. ಸಡಿಲವಾದ ತಂತಿ, ದೋಷವಿರುವ ಮೆಮೊರಿ, ಸರಿಯಿಲ್ಲದ ಅರ್ತಿಂಗ್ ಇವೂ ಪಟ್ಟಿಯಲ್ಲಿವೆ. ಅನುಭವಿಯಾದ ದುರಸ್ತಿಗಾರ ಇವುಗಳ ನಡುವೆ ಭೇದವನ್ನು ಕಾಣುವುದು ವೇಳೆಯಿಂದ. ಶಾಖದ ತೊಂದರೆ ಆಟ ಶುರುವಾಗಿ ಹೆಚ್ಚುಕಡಿಮೆ ಅಷ್ಟೇ ನಿಮಿಷಗಳ ನಂತರ ಮರುಕಳಿಸುತ್ತದೆ. ಸಡಿಲ ತಂತಿಗೆ ಹೊತ್ತುಗೊತ್ತಿಲ್ಲ. ಆದುದರಿಂದ ಅವನು ಮೊದಲು ಕೇಳುವುದು ಸ್ಕ್ರೂಡ್ರೈವರನ್ನಲ್ಲ, ಒಂದು ಹಾಳೆಯನ್ನು: ಯಾವ ದಿನ, ಎಷ್ಟು ಹೊತ್ತಿಗೆ, ಆಗ ಏನು ನಡೆಯುತ್ತಿತ್ತು, ಮಳೆ ಇತ್ತೇ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕಯಂತ್ರದ ರಿಲೇಯೊಳಗೆ ಸಿಕ್ಕಿಬಿದ್ದಿದ್ದ ಪತಂಗವನ್ನು ಅಲ್ಲಿನವರು ದಿನಚರಿಯ ಪುಟಕ್ಕೇ ಅಂಟಿಸಿಟ್ಟರು. ಕಂಡದ್ದನ್ನು ಕಂಡಂತೆ ಬರೆದಿಡುವ ಶಿಸ್ತು ಅದು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಅದನ್ನೇ ಶಾಸ್ತ್ರಕಾರರು ಕಾಕತಾಳೀಯವೆಂದರು. ಶೃಂಗೇರಿಯಲ್ಲಿ ಪ್ರತಿವರ್ಷ ಗಣೇಶ ಚತುರ್ಥಿಯ ಕಾಲಕ್ಕೆ ಸೇರುವ ವಾಕ್ಯಾರ್ಥ ಸಭೆಯಲ್ಲಿ ನ್ಯಾಯಶಾಸ್ತ್ರದ ವಿದ್ವಾಂಸರು ಇಂದಿಗೂ ತರ್ಕದ ಒರೆಗಲ್ಲಿಗೆ ಮಾತನ್ನು ಹಚ್ಚುತ್ತಾರೆ. ಅವರ ಪರಿಭಾಷೆಯಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಪದಗಳಿವೆ: ಇದು ಇದ್ದಾಗ ಅದು ಇರಬೇಕು, ಇದು ಇಲ್ಲದಾಗ ಅದೂ ಇರಬಾರದು. ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಹೇಳಿದ ವಿಧಾನವೂ ಇದಕ್ಕೆ ಹತ್ತಿರದ್ದೇ: ಉಳಿದುದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡು. ಆತುರಗಾರ ಐದು ಭಾಗಗಳನ್ನು ಒಮ್ಮೆಗೇ ಬದಲಿಸುತ್ತಾನೆ. ಯಂತ್ರ ಸರಿಯಾಗಬಹುದು; ಆದರೆ ಐದರಲ್ಲಿ ನಿರಪರಾಧಿಗಳು ಯಾರೆಂಬುದು ಎಂದೆಂದಿಗೂ ತಿಳಿಯದು.

ನಮ್ಮ ಊಹೆಯ ಮನೆಯಲ್ಲಿ ಹಾಳೆ ತುಂಬುತ್ತಾ ಬಂದಂತೆ ಒಂದು ಸಂಗತಿ ಕಂಡಿತು. ಗಾಳಿಮಳೆ ಇಲ್ಲದ ಸಂಜೆಗಳಲ್ಲಿ ಎಷ್ಟು ಹೊತ್ತು ಆಡಿದರೂ ಯಂತ್ರ ಆರಲಿಲ್ಲ. ಹಾಗಾದರೆ ಹುಡುಕಬೇಕಾದದ್ದು ಪೆಟ್ಟಿಗೆಯ ಒಳಗಲ್ಲ, ಹೊರಗೆ. ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಒಂದು ಪುಟ್ಟ ಸ್ವಿಚ್ಚು ಇರುವುದನ್ನು ನೀವು ಕಂಡಿರಬಹುದು. ಅದು 'ಯುಪಿಎಸ್' ಸ್ಥಾನದಲ್ಲಿದ್ದರೆ, ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ಬಹಳ ಬೇಗ. ಆದರೆ ವೋಲ್ಟೇಜು ಸ್ವಲ್ಪ ಕುಸಿದರೂ ಬ್ಯಾಟರಿಯನ್ನೇ ಬಳಸತೊಡಗುತ್ತದೆ. ಮತ್ತೊಂದು ಸ್ಥಾನದಲ್ಲಿ ಕಡಿಮೆ ವೋಲ್ಟೇಜನ್ನೂ ಸಹಿಸಿಕೊಳ್ಳುತ್ತದೆ, ಆದರೆ ಬದಲಾವಣೆ ನಿಧಾನ. ತೋಟಗಳಿಗೆ ನೀರು ಬಿಡುವ ಬೇಸಿಗೆಯಲ್ಲಿ, ಪಂಪ್‌ಸೆಟ್ಟುಗಳೆಲ್ಲ ಓಡುವಾಗ, ನಮ್ಮ ಕಡೆ 230 ವೋಲ್ಟು ಸಿಗುವುದು ಅಪರೂಪದ ಭಾಗ್ಯ. ಬ್ಯಾಟರಿ ಬರಿದಾಗದಿರಲೆಂದು ತಂದೆಯೇ ಮಾರ್ಚಿನಲ್ಲಿ ಆ ಸ್ವಿಚ್ಚನ್ನು ಬದಲಿಸಿದ್ದರು. ಅದು ವಿವೇಕದ ಕೆಲಸವೇ ಆಗಿತ್ತು. ಮಳೆಗಾಲದಲ್ಲಿ ಕೊಂಬೆ ತಂತಿಗೆ ತಾಗಿ ಕರೆಂಟು ಕ್ಷಣಾರ್ಧ ಹೋಗಿ ಬರುತ್ತದೆ. ಎಲ್‌ಇಡಿ ದೀಪ ಕಣ್ಣು ಮಿಟುಕಿಸಿದರೆ ಹೆಚ್ಚು. ಕಿವಿಗೆ ಹೆಡ್‌ಫೋನು ಹಾಕಿ ಕುಳಿತವನಿಗೆ ಅದೂ ತಿಳಿಯದು. ಆದರೆ ಕಂಪ್ಯೂಟರಿನ ಪವರ್ ಸಪ್ಲೈ, ಪೂರ್ಣ ಹೊರೆಯಿರುವಾಗ, ಒಳಗೆ ಕೂಡಿಟ್ಟುಕೊಂಡ ವಿದ್ಯುತ್ತಿನಿಂದ ತಡೆದುಕೊಳ್ಳಬಲ್ಲದ್ದು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ. ಸ್ವಿಚ್ಚನ್ನು ಯುಪಿಎಸ್ ಸ್ಥಾನಕ್ಕೆ ತಂದರು, ಒಂದು ವಾರ ಆರಲಿಲ್ಲ. ಪರೀಕ್ಷೆಗೆಂದು ಮರಳಿ ಬದಲಿಸಿದರು, ಮರುದಿನವೇ ಆರಿತು. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು.

ಹಾಗಾದರೆ ಆಟವನ್ನು ದೂರಿದ ತಂದೆಯ ಮಾತು ಪೂರ್ತಿ ಸುಳ್ಳೇ? ಅಲ್ಲ. ಸುಮ್ಮನೆ ಪಾಠ ಓದುವಾಗ ಯಂತ್ರ ಎಳೆಯುವ ವಿದ್ಯುತ್ತು ಕಡಿಮೆ. ಕೂಡಿಟ್ಟದ್ದು ಹೆಚ್ಚು ಹೊತ್ತು ಬಾಳುತ್ತದೆ. ಅದೇ ಕಡಿತವನ್ನು ಅದು ದಾಟಿಬಿಡುತ್ತದೆ. ಆಟದ ಹೊರೆ, ಮಳೆ, ಮರದ ಕೊಂಬೆ, ಸ್ವಿಚ್ಚು ಇವೆಲ್ಲ ಕೂಡಿದರೆ ಮಾತ್ರ ಆರುವಿಕೆ. ಬಹುಪಾಲು ತೊಂದರೆಗಳು ಹೀಗೆಯೇ ಹಲವು ಸಂಗತಿಗಳು ಸೇರಿದ್ದರಿಂದ ಹುಟ್ಟುತ್ತವೆ. ಅವುಗಳಲ್ಲಿ ನಮಗೆ ಮೊದಲೇ ಇಷ್ಟವಿಲ್ಲದ್ದನ್ನು ಹೆಕ್ಕಿ 'ಇದೇ ಕಾರಣ' ಎನ್ನುತ್ತೇವೆ.

ಈಗ ಅಂಗಡಿಯವನ ವಿಷಯ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ 'ಸುಮ್ಮಾ ಥಿಯೊಲಾಜಿಯೆ'ಯಲ್ಲಿ ಸಂಶಯದ ಮೇಲೆ ತೀರ್ಪು ಕೊಡುವುದು ಸರಿಯೇ ಎಂಬ ಪ್ರಶ್ನೆಯನ್ನು ಬಿಡಿಸಿಟ್ಟಿದ್ದಾರೆ. ಅಲ್ಲಿ ಅವರು ವಸ್ತುಗಳ ಬಗೆಗಿನ ತೀರ್ಪಿಗೂ ಮನುಷ್ಯರ ಬಗೆಗಿನ ತೀರ್ಪಿಗೂ ಭೇದ ಮಾಡುತ್ತಾರೆ. ಪವರ್ ಸಪ್ಲೈ ಕೆಟ್ಟಿದೆಯೆಂದು ನಾವು ತಪ್ಪಾಗಿ ತಿಳಿದರೆ ಪವರ್ ಸಪ್ಲೈಗೆ ಯಾವ ಹಾನಿಯೂ ಇಲ್ಲ. ನಷ್ಟ ತೀರ್ಪು ಕೊಟ್ಟವನದೇ. ಮನುಷ್ಯ ಕೆಟ್ಟವನೆಂದು ತಪ್ಪಾಗಿ ತಿಳಿದರೆ ಹಾನಿ ಆ ಮನುಷ್ಯನಿಗೆ. ಆದುದರಿಂದ ವಸ್ತುವನ್ನು ಅದು ಇರುವಂತೆಯೇ ಅಳೆಯಬೇಕು. ಸ್ಪಷ್ಟ ಪ್ರಮಾಣ ಸಿಗುವವರೆಗೆ ಮನುಷ್ಯನನ್ನು ಒಳ್ಳೆಯವನೆಂದೇ ಎಣಿಸಬೇಕು. ಹೀಗೆ ಎಣಿಸಿ ಅನೇಕ ಸಲ ಮೋಸಹೋದರೂ, ಒಳ್ಳೆಯವನೊಬ್ಬನನ್ನು ಕೆಟ್ಟವನೆಂದು ತಿಳಿದು ತಪ್ಪುವುದಕ್ಕಿಂತ ಅದು ಮೇಲು ಎಂಬುದು ಅವರ ನಿಲುವು.

"ಹಾಗಾದರೆ ಮೋಸಗಾರರಿಗೆ ಹಬ್ಬವಲ್ಲವೇ ಸ್ವಾಮಿ?" ಎಂದು ನೀವು ಕೇಳಬಹುದು. ಅಕ್ವಿನಾಸರು ಅಷ್ಟು ಮುಗ್ಧರಲ್ಲ. ಪರಿಹಾರ ಹುಡುಕುವಾಗ ಕೆಟ್ಟದ್ದನ್ನೇ ಇಟ್ಟುಕೊಂಡು ಮುಂದುವರಿಯಬಹುದು ಎನ್ನುತ್ತಾರೆ. ಆದರೆ ಅದು ಕೇವಲ ಇಟ್ಟುಕೊಂಡದ್ದು, ತೀರ್ಮಾನಿಸಿದ್ದಲ್ಲ. ಅಂಗಡಿಯ ಪವರ್ ಸಪ್ಲೈಯನ್ನು ಬಿಚ್ಚಿ ಗೆಳೆಯನ ಯಂತ್ರಕ್ಕೆ ಹಾಕಿ ನೋಡಿ. ಅದರ ಮೇಲಿನ ಕ್ರಮಸಂಖ್ಯೆಯನ್ನು ರಸೀದಿಯೊಡನೆ ತಾಳೆ ನೋಡಿ. ಅಂಗಡಿಗೇ ಒಯ್ದು ಅವನ ಎದುರಿಗೇ ಕೇಳಿ. ಇದರಲ್ಲಿ ಅವನಿಗೆ ಅಪಮಾನವಿಲ್ಲ. ಪ್ರಾಮಾಣಿಕ ವ್ಯಾಪಾರಿ ಇದನ್ನು ತಾನೇ ಬಯಸುತ್ತಾನೆ. ಮೋಸ ರುಜುವಾತಾದರೆ ಹಣ ಕೇಳುವ, ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಇದೆ. ಅಂಗಳದಲ್ಲಿ ನಿಂತು ನಾಲ್ವರಿಗೆ ಹೇಳುವುದು ಇವುಗಳಲ್ಲಿ ಯಾವುದೂ ಅಲ್ಲ.

ಇನ್ನೊಂದು ತೊಡಕನ್ನು ಮರೆಯಬಾರದು. ಯಂತ್ರದ ಭಾಗವನ್ನು ಬಿಚ್ಚಿ ಮತ್ತೊಂದನ್ನು ಹಾಕಿ ನೋಡಬಹುದು. ಸೊಸೆ ಬಂದ ಮೇಲೆ ಮನೆ ಒಡೆಯಿತೆಂದು ಹೇಳುವವರು ಆ ಸೊಸೆಯಿಲ್ಲದ ಅದೇ ಮನೆಯನ್ನು ಎಲ್ಲಿ ಕಂಡಾರು? ಸಮಾಜದ ಸಂಗತಿಗಳಿಗೆ ತನ್ನ ಈ ವಿಧಾನವನ್ನು ಅನ್ವಯಿಸಲಾಗದೆಂದು ಮಿಲ್ಲನೇ ಒಪ್ಪಿಕೊಂಡಿದ್ದಾನೆ. ಮನುಷ್ಯರ ವಿಷಯದಲ್ಲಿ ಖಚಿತತೆ ಯಂತ್ರಕ್ಕಿಂತ ಕಡಿಮೆ ಸಿಗುತ್ತದೆ. ಆದರೂ ಅಲ್ಲಿಯೇ ನಾವು ಹೆಚ್ಚು ಖಚಿತವಾಗಿ ಮಾತನಾಡುತ್ತೇವೆ.

ಆ ಮನೆಯಲ್ಲಿ ಈಗ ಯಂತ್ರ ಸರಿಯಾಗಿದೆ. ಉಳಿದಿರುವುದು ಅಂಗಡಿಯವನ ಹೆಸರು. ಕಸಿದುಕೊಂಡ ಒಳ್ಳೆಯ ಹೆಸರನ್ನೂ ಕಸಿದುಕೊಂಡ ಹಣದಂತೆ ಹಿಂದಿರುಗಿಸಬೇಕೆಂಬುದು ಅಕ್ವಿನಾಸರ ಮಾತು. ಹೇಳಿದ ನಾಲ್ವರಿಗೂ ತಂದೆ ಮತ್ತೆ ಹೇಳಬೇಕು, ಅದೇ ಅಂಗಳದಲ್ಲಿ, ಅಷ್ಟೇ ಗಟ್ಟಿಯಾದ ದನಿಯಲ್ಲಿ. ಅವರಲ್ಲೊಬ್ಬರು ಅಷ್ಟರಲ್ಲಾಗಲೇ ಶಿವಮೊಗ್ಗಕ್ಕೆ ಹೋಗಿ ಮಗಳಿಗೆ ಪ್ರಿಂಟರು ಕೊಂಡು ತಂದಿದ್ದಾರೆ.