ಅನ್ಯಲೋಕದಲ್ಲಿ ಕಲಿತ ಯುದ್ಧವಿದ್ಯೆ

ದೇಶವು ಬದಲಾಗಿ, ನೋಡುವ ಕಣ್ಣುಗಳಿಲ್ಲದೆಡೆಗೆ ಹೋದಾಗ ಮನುಷ್ಯನು ಹಿಡಿದ ವ್ರತವು ಅವನೊಡನೆ ಪ್ರಯಾಣ ಮಾಡುವುದೋ, ಮನೆಯಲ್ಲಿಯೇ ಉಳಿಯುವುದೋ? ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮಕ್ಕಳನ್ನು ದೂರದ ನಾಡುಗಳಿಗೆ ಕಳುಹಿಸುವ ಶ್ರಾವಕ ಕುಟುಂಬಗಳಿಗೆ ಇದು ಒಣ ತರ್ಕದ ಪ್ರಶ್ನೆಯಲ್ಲ. ಇದರ ವಿಚಾರಕ್ಕೆ ಒಂದು ಕಲ್ಪಿತ ಕಥೆಯು ಒಳ್ಳೆಯ ದೃಷ್ಟಾಂತವಾಗಿದೆ.

ಅಮೆರಿಕದ ಲೇಖಕ ಎಡ್ಗರ್ ರೈಸ್ ಬರೋಸ್ ಬರೆದ ‘ಎ ಪ್ರಿನ್ಸೆಸ್ ಆಫ್ ಮಾರ್ಸ್’ ಕಾದಂಬರಿಯು 1912ರಲ್ಲಿ ಧಾರಾವಾಹಿಯಾಗಿಯೂ 1917ರಲ್ಲಿ ಗ್ರಂಥವಾಗಿಯೂ ಪ್ರಕಟವಾಯಿತು. ಅದರ ನಾಯಕ ಜಾನ್ ಕಾರ್ಟರ್ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕ. ಅವನು 1866ರಲ್ಲಿ ಅರಿಜೋನದ ಗುಹೆಯೊಂದರಿಂದ ಮಂಗಳ ಗ್ರಹವನ್ನು ಸೇರಿ, ಥಾರ್ಕರೆಂಬ ಹಸಿರು ಜನರ ಸೆರೆಯಾಗಿ, ಅವರ ಯುದ್ಧಕಲೆಯನ್ನು ಕಲಿಯುತ್ತಾನೆ. ಆ ಜನರಲ್ಲಿ ಕೊಂದವನಿಗೆ ಸತ್ತವನ ಪದವಿ ಸಲ್ಲುತ್ತದೆ. ಪರರ ಮರಣವೇದನೆಯು ಅವರಿಗೆ ನಗೆಯ ವಸ್ತು.

ಕಾರ್ಟರನು ಅಲ್ಲಿ ಮಹಾಬಲಶಾಲಿ. ಆದರೆ ಆ ಬಲ ಯಾರದು? ಮಂಗಳದ ಗುರುತ್ವವು ಭೂಮಿಯದರಲ್ಲಿ ಸುಮಾರು ಶೇಕಡಾ 38 ಮಾತ್ರ. ಆದುದರಿಂದಲೇ ಅವನ ನೆಗೆತ ದೊಡ್ಡದು, ಪೆಟ್ಟು ಮಾರಕ. ಭೂಮಿಗೆ ಮರಳಿದರೆ ಅವನು ಎಲ್ಲರಂತೆಯೇ ಸಾಮಾನ್ಯನು. ಸ್ಥಳವು ಕೊಟ್ಟ ಬಲವನ್ನು ತನ್ನದೆಂದು ಬಗೆಯುವುದು ಮದ. ಪೀಠದ ಅಧಿಕಾರವನ್ನು ತನ್ನ ಗುಣವೆಂದು ತಿಳಿದವನೂ ಅಂತಹವನೇ.

ಇನ್ನು ಹಿಂಸೆಯ ವಿಚಾರ. ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ತ್ಯಜಿಸುತ್ತಾನೆ. ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಕಾರ್ಟರನೂ ತನ್ನ ಮೇಲೆ ಕೈಮಾಡಿದವನನ್ನೇ ಹೊಡೆದನೆಂದು ಹೇಳಬಹುದು. ಆದರೆ ಕೊಲೆಗೆ ಪದವಿಯ ಫಲವಿರುವಲ್ಲಿ ರಕ್ಷಣೆಯೊಳಗೆ ಲೋಭವು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಲಾಭವನ್ನು ತೆಗೆದುಹಾಕಿದರೂ ಕೈ ಏಳುತ್ತಿತ್ತೇ ಎಂಬುದೇ ಪರೀಕ್ಷೆ. ಈ ಪರೀಕ್ಷೆಯನ್ನು ಆ ನಾಡಿನ ಕಾನೂನು ಮಾಡಲಾರದು. ಮಾಡುವವನು ನಡೆದ ಭಾವವನ್ನು ಬಲ್ಲ ಆತ್ಮನೊಬ್ಬನೇ.

ಆ ಯುದ್ಧಶಿಕ್ಷಣದಲ್ಲಿ ಥೋಟ್ ಎಂಬ ಭಾರಿ ಪ್ರಾಣಿಗಳ ಸವಾರಿಯೂ ಸೇರಿತ್ತು. ಥಾರ್ಕರು ಅವುಗಳ ತಲೆಗೆ ಬಡಿದು ಅಂಕೆಯಲ್ಲಿಡುತ್ತಿದ್ದರು. ಅವು ಸದಾ ಕೆರಳಿ ಸವಾರರನ್ನೇ ಕೆಡಹುತ್ತಿದ್ದವು. ಕಾರ್ಟರನು ಸೌಮ್ಯವಾಗಿ ನಡೆಸಿಕೊಂಡಾಗ ಅವು ಸಾಧುವಾದವು. ಅವನು ತನ್ನ ಗುರುಗಳಿಗೇ ಆ ರೀತಿಯನ್ನು ಕಲಿಸಿದನು. ಅವನ ನೆಗೆತವು ಮಂಗಳದ ಕೊಡುಗೆ. ಈ ದಯೆಯು ಅವನು ಊರಿನಿಂದ ತಂದ ಬುತ್ತಿ. ಯಾವ ಗ್ರಹದ ಆಕರ್ಷಣೆಯೂ ಅದನ್ನು ಹೆಚ್ಚಿಸಲಿಲ್ಲ, ಕುಗ್ಗಿಸಲಿಲ್ಲ.

ಇಷ್ಟರಿಂದ ಅಲ್ಲಿಯ ಯುದ್ಧಗಳು ನಿಲ್ಲಲಿಲ್ಲ. ಕಾರ್ಟರನೂ ಖಡ್ಗವನ್ನು ಕೆಳಗಿಡಲಿಲ್ಲ. ಹಾಗಾದರೆ ದಯೆಯು ವ್ಯರ್ಥವೇ? ಲೋಕವು ತಿದ್ದಿಕೊಂಡರೆ ಮಾತ್ರ ವ್ರತವು ಸಫಲವೆನ್ನುವವನು ವ್ರತವನ್ನು ವ್ಯಾಪಾರವಾಗಿಸುತ್ತಾನೆ. ಪೆಟ್ಟು ತಪ್ಪಿದ ಪ್ರಾಣಿಗೆ ಆ ದಯೆ ವ್ಯರ್ಥವಲ್ಲ. ಪೆಟ್ಟು ಕೊಡದ ಕೈಗೂ ವ್ಯರ್ಥವಲ್ಲ.

ದೂರದ ನಾಡಿಗೆ ಹೊರಟ ಮಗನು ಅಲ್ಲಿಯ ವಿದ್ಯೆಯನ್ನು ಕಲಿಯಲಿ, ಬಲವನ್ನೂ ಗಳಿಸಲಿ. ಆದರೆ ಆ ನಾಡು ಕೊಟ್ಟದ್ದು ಯಾವುದು, ತಾನು ಕೊಂಡೊಯ್ದದ್ದು ಯಾವುದು ಎಂಬ ವಿವೇಕವಿರಲಿ. ಕೊಟ್ಟದ್ದನ್ನು ಆ ನಾಡು ಮರಳಿ ಪಡೆಯಬಹುದು. ಕೊಂಡೊಯ್ದದ್ದನ್ನು ತಾನಾಗಿ ಬಿಟ್ಟ ಹೊರತು ಯಾರೂ ಕಸಿಯಲಾರರು.